ಮುಂದಕ್ಕೆ ಮಾತ್ರ ಓಡುವ ರೈಲು: ಮಂಡಿಪೇಟೆಯ ರೋಗಿಗೆ ಹರಿಹರದ ವೈದ್ಯ

ರೈಲು ಅಂದರೆ ಏನು ಅಂತ ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಶೋಕ ಟಾಕೀಸ್ ಹತ್ತಿರದ ಗೇಟು ಬಿದ್ದಾಗ ಸ್ಕೂಟರ್ ಆಫ್ ಮಾಡಿ, ಬೆವರು ಒರೆಸಿಕೊಳ್ಳುತ್ತ, ಬರುವ ರೈಲಿಗೂ ಹೋಗುವ ರೈಲಿಗೂ ಒಟ್ಟಿಗೇ ಶಾಪ ಹಾಕಿದ ಊರು ನಮ್ಮದು. ಆದರೆ ಹೋದ ವಾರ ನಮ್ಮನ್ನು ಕಾಯಿಸಿದ ರೈಲಿಗೆ ಗೇಟೂ ಇಲ್ಲ, ಟಿಕೀಟೂ ಇಲ್ಲ. ಎಂಜಿನ್ನಿನ ಉದ್ದ ಒಂದು ಗೇಣು. ಅದರ ಠಿಕಾಣಿ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿಯ ಹಿಂದಿನ ಪಡಸಾಲೆ. ಕಾಯಿಲೆ ಒಂದೇ: ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

"ಬರದಿದ್ದರೆ ಬಿಡ್ರಿ ಸಾವ್ಕಾರ್ರೆ, ಹಳಿಯನ್ನ ದುಂಡಗೆ ಜೋಡಿಸಿದರೆ ಮುಂದಕ್ಕೇ ಸುತ್ತಿ ಬರ್ತದಲ್ಲ" ಅಂತ ನಾವೂ ಬುದ್ಧಿವಂತಿಕೆ ತೋರಿಸಿದೆವು.

ಸಾವ್ಕಾರ್ರು ನಕ್ಕು ಒಂದು ಗೋಣಿಚೀಲ ತೋರಿಸಿದರು. ಒಂದು ಸುತ್ತಿಗೆ ಎಂಟು ಬಾಗುಹಳಿ ಬೇಕು. ಚೀಲದಲ್ಲಿ ಉಳಿದಿರುವುದು ಮೂರು. ಮಿಕ್ಕವು ಅಟ್ಟದ ಮೇಲೆ ಮಳೆನೀರು ಸೋರಿ ತುಕ್ಕು ತಿಂದು ಹೋಗಿವೆ. ನೇರ ಹಳಿಗಳು ಮಾತ್ರ ಹತ್ತು ಹನ್ನೆರಡು ಗಟ್ಟಿಯಾಗಿವೆ. ಹಾಗಾಗಿ ದೇವರಮನೆ ಬಾಗಿಲಿನಿಂದ ಮೆಟ್ಟಿಲಿನವರೆಗೆ ಒಂದೇ ನೇರ ದಾರಿ. ರೈಲು ಹೋಗಿ ಮೆಟ್ಟಿಲಿಗೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿಗೆ ಆಟ ಮುಗಿಯಿತು. ಯಾರಾದರೂ ಎದ್ದು ಹೋಗಿ ಎತ್ತಿ ತಿರುಗಿಸಿ ಇಡಬೇಕು.

ಎದ್ದು ಹೋಗುವುದೇ ಕಷ್ಟ. ಮಂಡಿಪೇಟೆಯ ಸಾವ್ಕಾರ್ರಿಗೆ ಮಂಡಿಯೇ ವೈರಿ. ಎರಡೂ ಕಾಲಿಗೆ ಆಪರೇಷನ್ ಆಗಿದೆ, ನೆಲಕ್ಕೆ ಕೂರುವ ಹಾಗಿಲ್ಲ. ವಯಸ್ಸು ಎಪ್ಪತ್ತೆಂಟು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದಾನೆ, ಭಾನುವಾರ ವಾಪಸ್. ಕುರ್ಚಿಯಲ್ಲಿ ಕೂತು ಕೈಯಲ್ಲಿ ಹಿಡಿಕೆ ಹಿಡಿದು, ಹುಡುಗನ ಜೊತೆ ರೈಲು ಆ ಕಡೆ ಈ ಕಡೆ ಓಡಿಸಬೇಕು ಅನ್ನುವುದು ಅವರ ಆಸೆ. ಹುಡುಗ ಮೆಟ್ಟಿಲ ಹತ್ತಿರದ ಸ್ಟೇಷನ್ನಿನಲ್ಲಿ ಬೆಲ್ಲದ ಚೂರು ತುಂಬಿ ಕಳಿಸುವುದು, ಅಜ್ಜ ಈ ಕಡೆ ಇಳಿಸಿಕೊಳ್ಳುವುದು. ವ್ಯಾಪಾರಸ್ಥರ ಮನೆಯ ಆಟ ಅಂದರೆ ಹಾಗೆಯೇ, ಅದರಲ್ಲೂ ಲೋಡಿಂಗ್ ಅನ್‌ಲೋಡಿಂಗ್ ಇರಬೇಕು.

ಹೊಗೆ ಬಂದ ಕಥೆ

ರೈಲು ಬಂದದ್ದು ಅಮೆರಿಕದಿಂದ. ಸಾವ್ಕಾರ್ರ ತಮ್ಮ ನಮ್ಮ ಊರಿನಲ್ಲೇ ಡಾಕ್ಟರಿ ಓದಿ ಆ ಕಡೆ ಹೋದವರು. 1980ರಲ್ಲಿ ರಜೆಗೆ ಬಂದಾಗ ಅಣ್ಣನ ಮಗನಿಗೆ ಅಂತ ತಂದಿದ್ದರು. ಹೊಸದಲ್ಲ. ಅಲ್ಲಿ ಯಾರದೋ ಮನೆಯಂಗಳದಲ್ಲಿ ಹಳೇ ಸಾಮಾನು ಮಾರಾಟಕ್ಕಿಟ್ಟಾಗ ಕೊಂಡದ್ದು. ಲಯೊನೆಲ್ ಕಂಪನಿಯದು, 1950ರ ದಶಕದ ಮಾಲು. ಜೋಶುವಾ ಲಯೊನೆಲ್ ಕೋವೆನ್ ಎಂಬಾತ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕಂಪನಿ ಅದು. ಇಂಗ್ಲೆಂಡಿನ ಮಕ್ಕಳಿಗೆ ಹಾರ್ನ್‌ಬಿ ರೈಲು, ಜರ್ಮನಿಯ ಮಕ್ಕಳಿಗೆ ಮರ್ಕ್ಲಿನ್ ರೈಲು ಹೇಗೋ ಅಮೆರಿಕದ ಮಕ್ಕಳಿಗೆ ಲಯೊನೆಲ್ ಹಾಗೆ. ನಮ್ಮ ಮಕ್ಕಳಿಗೆ ಚನ್ನಪಟ್ಟಣದ ಮರದ ರೈಲಿತ್ತು. ಅದರಲ್ಲಿ ಹಿಂದೆ ಮುಂದೆ ಅನ್ನುವ ತಕರಾರೇ ಇರಲಿಲ್ಲ, ದಾರ ಎಳೆದ ಕಡೆ ಬರುತ್ತಿತ್ತು.

ಬಂದ ದಿನವೇ ಮನೆಯವರೆಲ್ಲ ಸುತ್ತ ನಿಂತು ಪ್ಲಗ್ ಹಾಕಿದ್ದಾರೆ. ಎರಡು ನಿಮಿಷಕ್ಕೆ ಟ್ರಾನ್ಸ್‌ಫಾರ್ಮರಿನಿಂದ ಹೊಗೆ! ಎಂಜಿನ್ನಿನಿಂದ ಬರಬೇಕಾದ ಹೊಗೆ ಪೆಟ್ಟಿಗೆಯಿಂದ ಬಂತು ಅಂತ ಈಗ ನಗುತ್ತಾರೆ, ಅವತ್ತು ಯಾರೂ ನಗಲಿಲ್ಲವಂತೆ. ಆ ಪೆಟ್ಟಿಗೆ ಅಮೆರಿಕದ 115 ವೋಲ್ಟಿಗೆ ಮಾಡಿದ್ದು. ನಮ್ಮ ಗೋಡೆಯಲ್ಲಿ ಬರುವುದು 230. ಅದರ ಎರಡು ಪಟ್ಟು. ಪೆಟ್ಟಿಗೆಯ ಮೇಲೆ ಬರೆದಿದ್ದನ್ನು ಓದದೇ ಚುಚ್ಚಿದ್ದು ಮನೆಯವರದೇ ತಪ್ಪು, ಸಾವ್ಕಾರ್ರು ಒಪ್ಪಿಕೊಳ್ಳುತ್ತಾರೆ. ಅಂದು ಅಟ್ಟ ಹತ್ತಿದ ರೈಲು ನಲವತ್ತು ವರ್ಷ ಮೇಲಾದ ಮೇಲೆ ಈಗ ಇಳಿದಿದೆ.

ತಮ್ಮ ಅಲ್ಲಿಂದ ಅದೇ ಥರದ ಇನ್ನೊಂದು ಪೆಟ್ಟಿಗೆ ಹುಡುಕಿ, ಬರುವವರ ಕೈಲಿ ಕಳಿಸಿಕೊಟ್ಟರು. ಈ ಸಲ ಗೋಡೆಗೂ ಪೆಟ್ಟಿಗೆಗೂ ನಡುವೆ 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಇಟ್ಟಿದ್ದಾರೆ. ಮನೆಯಲ್ಲಿ ಇಂಥ ಪರದೇಶದ ಸಾಮಾನು ಇರುವವರು ಇದೊಂದು ಮಾತು ಮರೆಯಬಾರದು. ಇನ್ನೂ ಒಂದಿದೆ. ಅಲ್ಲಿಯ ಕರೆಂಟು ಸೆಕೆಂಡಿಗೆ 60 ಸೈಕಲ್, ನಮ್ಮದು 50. ಆದ್ದರಿಂದ ಪೆಟ್ಟಿಗೆ ಅಲ್ಲಿಗಿಂತ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. ಅರ್ಧ ಗಂಟೆ ಆಡಿ, ಮುಟ್ಟಿ ನೋಡಿ, ಆರಲು ಬಿಡಬೇಕು.

ಅಂತೂ ಕರೆಂಟು ಬಂತು, ಎಂಜಿನ್ ಗುಂಯ್ ಅಂತು, ಮುಂದಕ್ಕೆ ಓಡಿತು. ಹಿಂದಕ್ಕೆ ಮಾತ್ರ ಬರಲಿಲ್ಲ.

"ಅದನ್ನ ಕತ್ತರಿಸಿ ಒಗೀರಿ"

ಊರಿನಲ್ಲಿ ಎಲೆಕ್ಟ್ರಿಕ್ ರಿಪೇರಿ ಅಂಗಡಿಗೆ ಬರವೇ? ಮೊದಲು ಒಯ್ದ ಅಂಗಡಿಯಲ್ಲಿ ಎಂಜಿನ್ ಬಿಚ್ಚಿ ನೋಡಿ, "ಇದೇನೋ ನಡುವೆ ಒಂದು ಡಬ್ಬಿ ಐತ್ರಿ, ಇದೇ ತೊಂದ್ರೆ. ಕತ್ತರಿಸಿ ಒಗೆದು ಮೋಟಾರಿಗೆ ಡೈರೆಕ್ಟ್ ತಂತಿ ಕೊಡ್ತೀನಿ, ಕುದುರೆ ಹಂಗೆ ಓಡ್ತದೆ" ಅಂದರಂತೆ. ಕಟಿಂಗ್ ಪ್ಲೇಯರ್ ಕೈಗೆ ಬಂದಿತ್ತು. ಸಾವ್ಕಾರ್ರು ಎಂಜಿನ್ ಕಸಿದುಕೊಂಡು ಬಂದರು. "ಅವನು ಕೇಳಿದ ರೊಕ್ಕಕ್ಕಲ್ಲ ನಾ ಹೆದರಿದ್ದು, ಆ ಪ್ಲೇಯರ್ ಹಿಡಿದ ಚಂದಕ್ಕೆ ಹೆದರಿದೆ" ಅಂದರು ನಮ್ಮ ಹತ್ತಿರ.

ಹೆದರಿದ್ದು ಒಳ್ಳೆಯದೇ ಆಯಿತು. ಅವರು ಕತ್ತರಿಸಬೇಕೆಂದ ಆ ಡಬ್ಬಿಯೇ ರೈಲನ್ನು ಹಿಂದೆ ಮುಂದೆ ಮಾಡುವ ಯಂತ್ರ. ಅದನ್ನು ತೆಗೆದರೆ ಮುಂದಕ್ಕೆ ಓಡುವುದೇನೋ ನಿಜ, ಆದರೆ ಹಿಂದಕ್ಕೆ ಬರುವ ಮಾತು ಅಲ್ಲಿಗೆ ಮುಗಿಯಿತು. ಹಳೇ ಸಾಮಾನು ಸಂಗ್ರಹಿಸುವವರ ಕಣ್ಣಿಗೂ ತಂತಿ ಕತ್ತರಿಸಿದ ಎಂಜಿನ್ ಅರ್ಧ ಬೆಲೆಯದು. ಮಾರುವ ಯೋಚನೆ ಸಾವ್ಕಾರ್ರಿಗೆ ಇಲ್ಲ. ಆದರೂ ಅಂಗಡಿ ನಡೆಸಿದವರಿಗೆ ಮಾಲಿನ ಬೆಲೆ ಇಳಿಯಿತು ಅಂದರೆ ನಿದ್ದೆ ಬರುವುದಿಲ್ಲ.

ಚೌಕಿಪೇಟೆ ಕಡೆಯ ಒಬ್ಬ ಮಿಕ್ಸಿ ರಿಪೇರಿ ಹುಡುಗ ಪ್ರಾಮಾಣಿಕ. "ಇದು ನನ್ನ ಕೈಲಿ ಆಗಲ್ಲ ಅಜ್ಜಾರ, ಆದ್ರೆ ಕೆಡಿಸೋದೂ ಇಲ್ಲ. ಹರಿಹರದಾಗ ನಮ್ಮ ಗುರುಗಳು ಅದಾರೆ, ಅಲ್ಲಿಗೆ ಹೋಗ್ರಿ" ಅಂದ. ಸಾವ್ಕಾರ್ರಿಗೆ ಬಸ್ ಹತ್ತುವುದು ಆಗದು. ಎಂಜಿನ್ ನಮ್ಮ ಕೈಗೆ ಬಂತು. ಊರ ಉಸಾಬರಿ ಬರೆಯುವವರಿಗೆ ಇಂಥ ಕೆಲಸ ತಪ್ಪಿದ್ದಲ್ಲ.

ಬಸ್ಸಿನಲ್ಲಿ ಎಂಜಿನ್

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ದಿನಾ ಓಡಾಡುವವರಿಗೆ ಗೊತ್ತು, ದೊಡ್ಡಬಾತಿ ದಾಟುವ ಹೊತ್ತಿಗೆ ಎಲ್ಲರ ಮನೆ ಸಂಗತಿ ಎಲ್ಲರಿಗೂ ತಿಳಿದಿರುತ್ತದೆ. ನಮ್ಮ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಗಂಟು. ತೂಕ ಎರಡು ಸೇರಿನಷ್ಟು. ಕಂಡಕ್ಟರ್ ಕೇಳಿಯೇ ಬಿಟ್ಟರು, "ಏನ್ರಿ ಅದು?"

"ಎಂಜಿನ್."

"ಯಾವ್ದು, ಪಂಪ್‌ಸೆಟ್ಟಿಂದಾ?"

"ರೈಲಿಂದು."

ಹಿಂದಿನ ಸೀಟಿನವರು ನಕ್ಕರು. ಬಿಚ್ಚಿ ತೋರಿಸದೇ ಬಿಡಲಿಲ್ಲ. ಕಪ್ಪು ಎರಕದ ಎಂಜಿನ್ನು, ಚಕ್ರಕ್ಕೆ ಕೂಡಿಸಿದ ಕಡ್ಡಿಗಳು, ಮುಂದೆ ಒಂದು ದೀಪದ ಗೂಡು. ಒಬ್ಬ ವಯಸ್ಸಾದವರು ಅದನ್ನು ಕೈಯಲ್ಲಿ ಹಿಡಿದು, ಹರಿಹರದ ಸ್ಟೇಷನ್ನಿನಲ್ಲಿ ಸಣ್ಣ ಗೇಜಿನ ಕಾಲದ ಉಗಿ ಎಂಜಿನ್ನುಗಳನ್ನು ನೆನೆಸಿಕೊಂಡರು. ಬೆಂಗಳೂರಿನಿಂದ ಬಂದ ಮೀಟರ್ ಗೇಜ್ ಹಳಿ 1889ರಲ್ಲಿ ಹರಿಹರ ಮುಟ್ಟಿತು. 1990ರ ದಶಕದಲ್ಲಿ ಅದು ದೊಡ್ಡ ಗೇಜಾಯಿತು. "ಆ ಎಂಜಿನ್ನು ಹಿಂದಕ್ಕೆ ಹೆಂಗ್ ಬರ್ತಿತ್ತು ಗೊತ್ತೇನ್ರಿ?" ಅಂತ ಕೇಳಿ ಅವರೇ ಹೇಳಿದರು. ಡ್ರೈವರ್ ಒಂದು ಲಿವರ್ ಎಳೆಯುತ್ತಿದ್ದ, ಸಿಲಿಂಡರಿಗೆ ಉಗಿ ನುಗ್ಗುವ ಹೊತ್ತು ಅದಲು ಬದಲಾಗುತ್ತಿತ್ತು, ಅದೇ ಚಕ್ರ ಉಲ್ಟಾ ತಿರುಗುತ್ತಿತ್ತು. ಲಾರಿಯ ಹಾಗೆ ರಿವರ್ಸ್ ಗೇರ್ ಅದಕ್ಕಿರಲಿಲ್ಲ. ಆಟದ ಎಂಜಿನ್ನಿಗೂ ಗೇರ್ ಬದಲಿಸುವ ಮಾತಿಲ್ಲ. ಉಗಿಯ ಬದಲು ಕರೆಂಟಿನ ದಾರಿ ಅದಲು ಬದಲಾಗಬೇಕು ಅಷ್ಟೆ.

ಲೇತ್ ಕಂಡವರ ಕಣ್ಣು

ಮೇಸ್ತ್ರಿಯ ಶೆಡ್ಡು ಯಂತ್ರಾಪುರದ ಕಡೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಲೇ ಹೆಸರು ಪಡೆದ ಬಡಾವಣೆ ಅದು. ಹರಿಹರದ ಲೇತ್ ಅಂದರೆ ದೇಶದ ಯಾವ ವರ್ಕ್‌ಶಾಪಿನಲ್ಲೂ ಗುರುತು ಹಿಡಿಯುತ್ತಿದ್ದ ಕಾಲವಿತ್ತು. ನಮ್ಮ ಮೇಸ್ತ್ರಿ ಅಲ್ಲಿ ಇಪ್ಪತ್ತೆರಡು ವರ್ಷ ಲೇತ್ ಜೋಡಿಸಿದವರು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಮೇಲಾಯಿತು. ಈಗ ಶೆಡ್ಡಿನಲ್ಲಿ ಬೋರ್‌ವೆಲ್ ಮೋಟಾರು, ಮಿಕ್ಸಿ, ಗ್ರೈಂಡರು ವೈಂಡಿಂಗ್.

ಗಂಟು ಬಿಚ್ಚಿದ ಕೂಡಲೇ ಅವರು ಮೊದಲು ಮಾಡಿದ ಕೆಲಸ ನಮಗೆ ವಿಚಿತ್ರ ಅನ್ನಿಸಿತು. ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಎಂಜಿನ್ನಿನ ನೆತ್ತಿಯ ಮೇಲೆ ಒಂದು ಸೀಳಿನಿಂದ ಹೊರಗೆ ಚಾಚಿದ ಸಣ್ಣ ಕಡ್ಡಿಯನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸಿ, "ಇದೇನು?" ಅಂತ ನಮ್ಮನ್ನೇ ಕೇಳಿದರು. ನಾವು ಚಿಮಣಿಯ ಅಲಂಕಾರ ಅಂದುಕೊಂಡಿದ್ದೆವು!

ಅಲ್ಲಿಂದಲೇ ಅಮೆರಿಕದ ತಮ್ಮನಿಗೆ ಫೋನು. ಅವರು ಹೇಳಿದ್ದು: ಅದು ಬೀಗ. ಆ ಕಡ್ಡಿ ಒಂದು ಕಡೆಗಿದ್ದರೆ ಹಿಂದೆ ಮುಂದೆ ಮಾಡುವ ಯಂತ್ರಕ್ಕೆ ಕರೆಂಟೇ ಹೋಗುವುದಿಲ್ಲ, ಎಂಜಿನ್ ಯಾವ ಸ್ಥಿತಿಯಲ್ಲಿತ್ತೋ ಅದರಲ್ಲೇ ನಿಂತುಬಿಡುತ್ತದೆ. ಮುಂದಕ್ಕಿದ್ದರೆ ಬರೀ ಮುಂದಕ್ಕೆ. ನಡುವೆ, ಅಂದರೆ ನ್ಯೂಟ್ರಲಿನಲ್ಲಿ ಇದ್ದಾಗ ಕಡ್ಡಿ ಸರಿಸಿದರೋ, ಎಂಜಿನ್ ಸತ್ತ ಹಾಗೆ. ಮೋಟಾರು ಸುಟ್ಟಿದೆ ಅಂತ ಎಷ್ಟೋ ಜನ ಅದನ್ನು ಗುಜರಿಗೆ ಹಾಕುತ್ತಾರಂತೆ. ಒಂದು ಕಡ್ಡಿ ಸರಿಸುವುದು ತಿಳಿಯದೆ.

ನಮ್ಮ ಎಂಜಿನ್ನಿನ ಕಡ್ಡಿ ಸರಿಯಾಗಿಯೇ ಇತ್ತು. ಅಷ್ಟು ಸುಲಭಕ್ಕೆ ಮುಗಿಯುವ ಕೇಸಾಗಿದ್ದರೆ ಈ ಅಂಕಣ ಇಲ್ಲಿಗೇ ನಿಲ್ಲುತ್ತಿತ್ತು.

ಮಿಕ್ಸಿಯ ಗುಟ್ಟು

ಮೇಲಿನ ಹೊದಿಕೆ ಬಿಚ್ಚಿ ಮೇಸ್ತ್ರಿ ಒಳಗೆ ಇಣುಕಿದರು. "ಇದು ಮಿಕ್ಸಿ ಮೋಟಾರೇ ನೋಡ್ರಿ, ಸಣ್ಣದು" ಅಂದರು. ಎರಡು ಬ್ರಷ್, ನಡುವೆ ತಿರುಗುವ ಆರ್ಮೇಚರ್, ಪಕ್ಕದಲ್ಲಿ ಅಲುಗದ ಫೀಲ್ಡ್ ಕಾಯಿಲ್. ನಮ್ಮ ಮನೆಗಳಲ್ಲಿ ಚಟ್ನಿ ರುಬ್ಬುವುದೂ ಅದೇ ಜಾತಿ.

ಈಗ ಒಂದು ಮಾತು. ಮೂರು ಫೇಸಿನ ಪಂಪ್‌ಸೆಟ್ ಉಲ್ಟಾ ತಿರುಗಿದರೆ ಏನು ಮಾಡುತ್ತೀರಿ? ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿದರೆ ನೆಟ್ಟಗಾಗುತ್ತದೆ, ಯಾವ ರೈತನಿಗೂ ಗೊತ್ತು. ಶೆಲ್ ಹಾಕುವ ಆಟದ ಕಾರಿನಲ್ಲಿ ಶೆಲ್ ಉಲ್ಟಾ ಹಾಕಿದರೆ ಕಾರು ಹಿಂದಕ್ಕೆ ಹೋಗುತ್ತದೆ, ಯಾವ ಮಗುವಿಗೂ ಗೊತ್ತು. ಅದರೊಳಗೆ ಇರುವುದು ಅಯಸ್ಕಾಂತ, ಅದರ ದಿಕ್ಕು ಬದಲಾಗುವುದಿಲ್ಲ. ಆದರೆ ಮಿಕ್ಸಿಯ ಎರಡು ತಂತಿ ಅದಲು ಬದಲು ಮಾಡಿ ನೋಡಿ. ಏನೂ ಆಗುವುದಿಲ್ಲ! ಮೊದಲಿನ ಕಡೆಗೇ ತಿರುಗುತ್ತದೆ. ಯಾಕೆಂದರೆ ಫೀಲ್ಡೂ ತಿರುಗಿಬಿತ್ತು, ಆರ್ಮೇಚರೂ ತಿರುಗಿಬಿತ್ತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮುಖ ತಿರುಗಿಸಿಕೊಂಡರೆ ಜಗಳ ಇದ್ದಲ್ಲೇ ಇರುತ್ತದಲ್ಲ, ಹಾಗೆ. ನಮ್ಮ ಗೋಡೆಯ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸಿದರೂ ಮಿಕ್ಸಿ ಒಂದೇ ಕಡೆ ತಿರುಗುವುದು ಈ ಕಾರಣಕ್ಕೇ.

ಹಿಂದಕ್ಕೆ ತಿರುಗಬೇಕೆಂದರೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ತಿರುಗಿಸಬೇಕು. ಎಂಜಿನ್ನಿನೊಳಗಿನ ಆ ಡಬ್ಬಿಯ ಕೆಲಸ ಅದೇ.

ಅಮೆರಿಕದವರು ಅದಕ್ಕೆ ಇ ಯೂನಿಟ್ ಅನ್ನುತ್ತಾರೆ. ಬಹಳ ಹಿಂದೆ ಎಂಜಿನ್ನಿಗೇ ಕೈ ಹಾಕಿ ಲಿವರ್ ತಳ್ಳಿ ಹಿಂದೆ ಮುಂದೆ ಮಾಡಬೇಕಿತ್ತು. ದೂರದಿಂದಲೇ, ಕರೆಂಟು ಆಫ್ ಆನ್ ಮಾಡಿ ತಿರುಗಿಸುವ ಉಪಾಯವನ್ನು 1920ರ ದಶಕದಲ್ಲಿ ತಂದದ್ದು ಅಲ್ಲಿಯ ಐವ್ಸ್ ಎಂಬ ಕಂಪನಿ. ಪಾಪ, 1928ರಲ್ಲಿ ಆ ಕಂಪನಿ ದಿವಾಳಿಯಾಯಿತು. ಅದರ ಆಸ್ತಿಯ ಜೊತೆ ಈ ಉಪಾಯವೂ ಲಯೊನೆಲ್ ಕೈ ಸೇರಿತು. ಪೇಟೆಯಲ್ಲಿ ಮಾಲು ಒಬ್ಬರದು, ಗಲ್ಲಾ ಇನ್ನೊಬ್ಬರದು ಆಗುವುದು ಹೊಸದೇನಲ್ಲ.

ಮೇಸ್ತ್ರಿಗೆ ಈ ಹೆಸರು ಯಾವುದೂ ಬೇಕಾಗಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದ ಕೂಡಲೇ ಅವರ ಮುಖ ಅರಳಿತು. "ಅಯ್ಯೋ, ಇದು ನಮ್ಮ ಡ್ರಮ್ ಸ್ವಿಚ್!"

ಲೇತ್ ಕಂಡವರಿಗೆ ಗೊತ್ತು. ಮೋಟಾರನ್ನು ಮುಂದಕ್ಕೆ, ಬಂದ್, ಹಿಂದಕ್ಕೆ ಮಾಡಲು ಒಂದು ಹಿಡಿಕೆ ಇರುತ್ತದೆ. ಮರೆ ಕೊರೆಯುವಾಗ ಕೊನೆ ಮುಟ್ಟಿದ ಮೇಲೆ ಹಿಡಿಕೆ ತಿರುಗಿಸಿ ಹಿಂದಕ್ಕೆ ಬರಬೇಕು. ಆ ಹಿಡಿಕೆಯ ಹಿಂದೆ ಒಂದು ಉರುಳೆ, ಉರುಳೆಯ ಮೈಗೆ ಅಲ್ಲಲ್ಲಿ ತಾಮ್ರದ ಪಟ್ಟಿ, ಪಟ್ಟಿಗೆ ತಾಗಿ ನಿಂತ ಸ್ಪ್ರಿಂಗ್ ಬೆರಳುಗಳು. ಉರುಳೆ ತಿರುಗಿದಂತೆ ಯಾವ ಬೆರಳು ಯಾವ ಬೆರಳಿಗೆ ಕೂಡುತ್ತದೆ ಎಂಬುದು ಬದಲಾಗುತ್ತದೆ. ಆಟದ ಎಂಜಿನ್ನಿನಲ್ಲಿ ಇರುವುದು ಅದೇ, ಕಡಲೆಕಾಯಿ ಗಾತ್ರಕ್ಕೆ ಇಳಿಸಿದ್ದು. ಒಂದು ಮಗ್ಗುಲಿಗೆ ನಾಲ್ಕು ಬೆರಳು, ಇನ್ನೊಂದು ಮಗ್ಗುಲಿಗೆ ಎರಡು. ಲೇತಿನಲ್ಲಿ ಉರುಳೆಯನ್ನು ಮನುಷ್ಯನ ಕೈ ತಿರುಗಿಸುತ್ತದೆ. ಇಲ್ಲಿ ಒಂದು ಕಾಯಿಲ್. ಕರೆಂಟು ಬಂದಾಗ ಕಾಯಿಲ್ ಒಳಗಿನ ಕಬ್ಬಿಣದ ಕಡ್ಡಿ ಮೇಲಕ್ಕೆ ಹಾರುತ್ತದೆ, ಅದರ ತುದಿಯ ಕೊಕ್ಕೆ ಉರುಳೆಯ ಹಲ್ಲನ್ನು ಹಿಡಿದು ಒಂದು ಹೆಜ್ಜೆ ತಿರುಗಿಸುತ್ತದೆ. ಕರೆಂಟು ಹೋದರೆ ಕಡ್ಡಿ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಮತ್ತೆ ಬಂದರೆ ಮತ್ತೊಂದು ಹೆಜ್ಜೆ. ಮುಂದಕ್ಕೆ, ಬಂದ್, ಹಿಂದಕ್ಕೆ, ಬಂದ್, ಹೀಗೆ ಸರದಿ.

ಕಿವಿಯೇ ಮೀಟರು

ಪರೀಕ್ಷೆಗೆ ಮೇಸ್ತ್ರಿ ತಮ್ಮದೇ ಒಂದು ಹಳೇ ಹನ್ನೆರಡು ವೋಲ್ಟಿನ ಟ್ರಾನ್ಸ್‌ಫಾರ್ಮರ್ ತೆಗೆದರು. ತಂತಿಯ ನಡುವೆ ಕಾರಿನ ಬಲ್ಬೊಂದನ್ನು ಸಿಕ್ಕಿಸಿದರು. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಎಂಜಿನ್ ಉಳಿಯುತ್ತದೆ. ಆಟದ ಹಳಿಯಲ್ಲಿ ಮೂರು ಪಟ್ಟಿ ಇರುತ್ತವೆ, ನಡುವಿನದರಿಂದ ಕರೆಂಟು ಹೊಟ್ಟೆಯಡಿಯ ರೋಲರಿಗೆ ಬರುತ್ತದೆ, ಚಕ್ರದ ಮೂಲಕ ಪಕ್ಕದ ಹಳಿಗೆ ವಾಪಸ್ಸು. ಒಂದು ತಂತಿ ರೋಲರಿಗೆ, ಒಂದು ಮೈಗೆ ಹಿಡಿದರು.

ಗುಂಯ್ ಅಂತು. "ಕಾಯಿಲ್ ಜೀವಂತ ಐತೆ" ಅಂದರು. ಗುಂಯ್ ಅನ್ನದಿದ್ದರೆ ಕಾಯಿಲಿನ ತಂತಿ ತುಂಡಾಗಿದೆ ಎಂದೇ ಅರ್ಥ, ಆಗ ಬೆಸುಗೆಯ ಕೆಲಸ. ಆದರೆ ಗುಂಯ್ ಜೊತೆಗೆ ಟಕ್ ಅಂತಲೂ ಅನ್ನಬೇಕು. ಆ ಟಕ್ ಬರಲಿಲ್ಲ. ನಾಲ್ಕು ಸಲ ಕರೆಂಟು ಕೊಟ್ಟು ತೆಗೆದರು. ಗುಂಯ್, ಗುಂಯ್. ಟಕ್ ಇಲ್ಲ. "ಕಡ್ಡಿ ಹಾರ್ತಾ ಇಲ್ಲ. ಅಂಟ್ಕೊಂಡೈತೆ."

ಆಮೇಲೆ ಒಂದು ಬೆಂಕಿಕಡ್ಡಿ ತೆಗೆದುಕೊಂಡು ಉರುಳೆಯನ್ನು ಕೈಯಲ್ಲೇ ಒಂದೊಂದು ಹಲ್ಲು ತಿರುಗಿಸಿದರು. ಈ ಉಪಾಯ ನಮಗೆ ಬಹಳ ಹಿಡಿಸಿತು, ಯಾಕೆಂದರೆ ಮೋಟಾರಿನ ದೋಷ ಯಾವುದು, ಡಬ್ಬಿಯ ದೋಷ ಯಾವುದು ಎಂದು ಅರ್ಧ ನಿಮಿಷಕ್ಕೆ ಬೇರೆಯಾಯಿತು. ಒಂದು ಹಲ್ಲಿಗೆ ಚಕ್ರ ಮುಂದಕ್ಕೆ ತಿರುಗಿತು. ಮುಂದಿನ ಹಲ್ಲಿಗೆ ನಿಂತಿತು. ಮೂರನೆಯದಕ್ಕೆ ಹಿಂದಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಬೆಂಕಿಕಡ್ಡಿಯಿಂದ ಒಂದು ಬೆರಳನ್ನು ಮೆಲ್ಲಗೆ ಉರುಳೆಗೆ ಒತ್ತಿ ಹಿಡಿದರು. ಚಕ್ರ ಸರ್ರನೆ ಹಿಂದಕ್ಕೆ ತಿರುಗಿತು!

"ಎರಡು ರೋಗ" ಅಂತ ತೀರ್ಪು ಬಂತು. "ಕಡ್ಡಿ ಅಂಟೈತೆ, ಒಂದು ಬೆರಳು ಸೋತೈತೆ. ಸುಟ್ಟಿದ್ದು ಏನೂ ಇಲ್ಲ. ಎಣ್ಣೆ ಯಾರು ಹಾಕಿದ್ರು?"

ಹಾಕಿದವರು ಇದ್ದೇ ಇದ್ದರು. ಮೊದಲ ಸಲ ಹೊಲಿಗೆ ಮಿಷನ್ನಿನ ಎಣ್ಣೆ, ಹೋದ ತಿಂಗಳು ಅಟ್ಟದಿಂದ ಇಳಿಸಿದ ಸಂಭ್ರಮಕ್ಕೆ ಕೊಬ್ಬರಿ ಎಣ್ಣೆ! ನಮ್ಮಲ್ಲಿ ಯಾವ ಯಂತ್ರ ನಿಂತರೂ ಮೊದಲು ಎಣ್ಣೆ ಬಿಡುವುದು ಸಂಪ್ರದಾಯ. ಚಕ್ರದ ಅಚ್ಚಿಗೆ ಒಂದು ಹನಿ ಬೇಕು, ಸರಿ. ಈ ಕಡ್ಡಿಗೆ ಮಾತ್ರ ಒಂದು ಹನಿಯೂ ಬೇಡ. ಅದು ತನ್ನ ಭಾರಕ್ಕೇ ಬೀಳಬೇಕಾದದ್ದು. ಎಣ್ಣೆ ಧೂಳು ಹಿಡಿಯುತ್ತದೆ, ಒಣಗಿ ಅಂಟಾಗುತ್ತದೆ, ಕೊಬ್ಬರಿ ಎಣ್ಣೆಯಾದರೆ ಚಳಿಗೆ ಹೆಪ್ಪೂ ಗಟ್ಟುತ್ತದೆ.

ಮೇಸ್ತ್ರಿ ಸ್ಪಿರಿಟ್ ತೆಗೆದರು. ನಾವು ಪೆಟ್ರೋಲಿನ ಸಲಹೆ ಕೊಟ್ಟು ಬೈಸಿಕೊಂಡೆವು. "ಬ್ರಷ್ಷಿನಾಗ ಕಿಡಿ ಹಾರ್ತದೆ, ಪೆಟ್ರೋಲ್ ಅಂತೀರಲ್ಲ!" ಸ್ಪಿರಿಟ್ ಆದರೂ ಪೂರ್ತಿ ಆರಿದ ಮೇಲೇ ಕರೆಂಟು. ಕಡ್ಡಿಯ ಬುಡಕ್ಕೆ ನಾಲ್ಕು ಹನಿ ಬಿಟ್ಟು, ಮೇಲೆ ಕೆಳಗೆ ಆಡಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದರು. ಮೂರು ಸಲ ಕಪ್ಪು ರಾಡಿ ಬಂತು, ನಾಲ್ಕನೆಯ ಸಲ ಶುದ್ಧ. ಆಮೇಲೆ ಡಬ್ಬಿ ತಲೆಕೆಳಗು ಮಾಡಿದರೆ ಕಡ್ಡಿ ಸರ್ ಅಂತ ಜಾರಿತು, ನೆಟ್ಟಗೆ ಹಿಡಿದರೆ ಮತ್ತೆ ಸರ್.

ಉರುಳೆಯ ತಾಮ್ರದ ಪಟ್ಟಿಯ ಮೇಲೆ ಹಸಿರು ಕಿಲುಬು. ನಾವು ಉಪ್ಪುಕಾಗದ ಅಂದೆವು. ಮತ್ತೆ ಬೈಗುಳ. ಪಟ್ಟಿ ಕಾಗದದಷ್ಟು ತೆಳು, ಉಪ್ಪುಕಾಗದ ತಿಕ್ಕಿದರೆ ಪಟ್ಟಿಯೇ ಹೋಗುತ್ತದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರಂತೂ ಸುತರಾಂ ಕೂಡದು, ಅದರ ಚೂರು ಮೋಟಾರಿನೊಳಗೆ ಸೇರಿ ಶಾರ್ಟ್ ಮಾಡುತ್ತದೆ. ಮೇಸ್ತ್ರಿ ಮೊಮ್ಮಗಳ ಕಂಪಾಸಿನಿಂದ ಪೆನ್ಸಿಲ್ ರಬ್ಬರ್ ತರಿಸಿಕೊಂಡು ತಿಕ್ಕಿದರು. ತಾಮ್ರ ಹೊಳೆಯಿತು.

ಕೊನೆಗೆ ಸೋತ ಬೆರಳು. ಇದಕ್ಕೆ ಅವರು ಕನ್ನಡಕ ಬದಲಿಸಿ, ಚಿಮಟ ಹಿಡಿದು, ಉಸಿರು ಬಿಗಿಹಿಡಿದರು. ಬಗ್ಗಿಸುವುದು ಕೂದಲೆಳೆಯಷ್ಟು. ಕಡಿಮೆಯಾದರೆ ತಾಗುವುದಿಲ್ಲ. ಹೆಚ್ಚಾದರೆ ಉರುಳೆಯನ್ನು ಬ್ರೇಕಿನ ಹಾಗೆ ಒತ್ತಿ ಹಿಡಿಯುತ್ತದೆ, ಕಡ್ಡಿಗೆ ತಿರುಗಿಸುವ ಶಕ್ತಿ ಸಾಲುವುದಿಲ್ಲ. ಎರಡು ಸಲ ಬಗ್ಗಿಸಿದರೆ ಮುರಿದೇ ಹೋದೀತು, ಎಪ್ಪತ್ತು ವರ್ಷದ ಲೋಹ. ಶೆಡ್ಡಿನ ಹುಡುಗ ರೇಡಿಯೋ ಬಂದ್ ಮಾಡಿದ. ಇಪ್ಪತ್ತೆರಡು ವರ್ಷ ಕೈ ಪಳಗಿದ್ದು ಎಂಥದಕ್ಕೆ ಎಂದು ನಮಗೆ ಗೊತ್ತಾದದ್ದು ಆ ಎರಡು ನಿಮಿಷದಲ್ಲಿ.

ತಲೆಕೆಳಗಾದ ಪರೀಕ್ಷೆ

ಜೋಡಿಸಿಯಾಯಿತು. ಚಕ್ರ ಕಾಣಲಿ ಅಂತ ಎಂಜಿನ್ನನ್ನು ಬೆನ್ನಮೇಲೆ ಮಲಗಿಸಿ ಕರೆಂಟು ಕೊಟ್ಟರು. ಮುಂದಕ್ಕೆ. ತೆಗೆದು ಕೊಟ್ಟರು. ಮತ್ತೆ ಮುಂದಕ್ಕೆ! ಇನ್ನೊಮ್ಮೆ. ಮುಂದಕ್ಕೇ! ನಮ್ಮ ಎದೆ ಧಸಕ್ಕೆಂದಿತು. ಮೇಸ್ತ್ರಿಯ ಮುಖವೂ ಸಣ್ಣಗಾಯಿತು. ಒಂದು ಬೀಡಿ ಹಚ್ಚಿ, ಎರಡು ಜುರುಕೆ ಎಳೆದು, ಇದ್ದಕ್ಕಿದ್ದಂತೆ ನಗತೊಡಗಿದರು. "ನಾನೇ ದಡ್ಡ. ಕಡ್ಡಿ ತನ್ನ ಭಾರಕ್ಕೆ ಬೀಳ್ಬೇಕು. ತಲೆಕೆಳಗು ಮಲಗಿಸಿದ್ರೆ ಎಲ್ಲಿಗೆ ಬೀಳ್ತದೆ ಪಾಪ?"

ನೆಟ್ಟಗೆ ಕೈಯಲ್ಲಿ ಹಿಡಿದರು. ಟಕ್, ಮುಂದಕ್ಕೆ. ಟಕ್, ನಿಂತಿತು. ಟಕ್, ಹಿಂದಕ್ಕೆ!

ರಿಪೇರಿ ಮಾಡುವ ತಮ್ಮಂದಿರು ಇದನ್ನು ನೆನಪಿಡಲಿ, ಮಲಗಿಸಿ ಪರೀಕ್ಷೆ ಮಾಡಿ ಸರಿಯಾದದ್ದನ್ನು ಕೆಟ್ಟಿದೆ ಅಂತ ಮತ್ತೆ ಬಿಚ್ಚಿದವರು ಇದ್ದಾರು. ಬೇರೆ ಕಂಪನಿಯ ಎಂಜಿನ್ ಕೈಗೆ ಬಂದರೆ ಇದೇ ಲೆಕ್ಕ ನಡೆಯದು ಎನ್ನುವುದೂ ಗೊತ್ತಿರಲಿ. ಹಳೇ ಹಾರ್ನ್‌ಬಿಯ ಕೀಲಿ ಕೊಡುವ ಎಂಜಿನ್ನಿನಲ್ಲಿ ಹಿಂದೆ ಮುಂದೆ ಮಾಡಲು ಬರೀ ಒಂದು ಲಿವರ್. ಹಾರ್ನ್‌ಬಿ ಡಬ್ಲೊ ಅನ್ನುವ ಕರೆಂಟಿನ ಎಂಜಿನ್ನಿನಲ್ಲಿ ಅಯಸ್ಕಾಂತವಿದೆ, ಶೆಲ್ ಕಾರಿನ ಹಾಗೆ ತಂತಿ ಅದಲು ಬದಲಾದರೆ ಸಾಕು. ಮರ್ಕ್ಲಿನ್ ರೈಲಿಗೆ ಓಡುವಾಗ 16 ವೋಲ್ಟು, ದಿಕ್ಕು ಬದಲಿಸಲು ಒಂದು ಕ್ಷಣ 24 ವೋಲ್ಟಿನ ಪೆಟ್ಟು.

ಮೇಸ್ತ್ರಿ ಕೇಳಿದ್ದು ಇನ್ನೂರು ರೂಪಾಯಿ. ನಾವು ಐನೂರು ಕೊಡಹೋದರೆ, "ಮೂರು ಹನಿ ಸ್ಪಿರಿಟ್ಟು, ಮೊಮ್ಮಗಳ ರಬ್ಬರು, ಇನ್ನೇನು ಹಾಕೀನಿ ನಾನು?" ಅಂದು ಮುನ್ನೂರು ವಾಪಸ್ ಕೊಟ್ಟರು. ಕೈಚಳಕದ ಬಿಲ್ಲು ಹಾಕುವುದನ್ನು ಇಂಥವರು ಯಾವಾಗ ಕಲಿಯುತ್ತಾರೋ. ನಮ್ಮ ಊರಿನಲ್ಲಿ ಕತ್ತರಿಸಿ ಒಗೆಯುತ್ತೇನೆ ಅಂದವರು ಅದಕ್ಕಿಂತ ಹೆಚ್ಚು ಕೇಳಿದ್ದರು.

ಶನಿವಾರ ಸಂಜೆ ಮಂಡಿಪೇಟೆಯ ಪಡಸಾಲೆಯಲ್ಲಿ ಹಳಿ ಹಾಸಿತು. ಸಾವ್ಕಾರ್ರು ಕುರ್ಚಿಯಲ್ಲಿ, ಮೊಮ್ಮಗ ಮೆಟ್ಟಿಲಲ್ಲಿ. ರೈಲು ಹೊರಟಿತು, ಅರ್ಧ ದಾರಿಯಲ್ಲಿ ತಾನಾಗಿಯೇ ನಿಂತಿತು. ಮತ್ತೆ ಕೊಟ್ಟರೆ ಹಿಂದಕ್ಕೆ ಬಂತು! "ಸರಿಯಾಗಿಲ್ಲ ಬಿಡ್ರಿ" ಅಂತ ಮನೆಯವರು ಅಂದರು. ಹರಿಹರಕ್ಕೆ ಫೋನು. ಅಲ್ಲಿಂದ ಉತ್ತರ: "ಎಂಜಿನ್ ಮುಟ್ಟಬ್ಯಾಡ್ರಿ, ಹಳಿ ಒರೆಸ್ರಿ." ಹೌದಲ್ಲ, ಹಳಿಯ ಮೇಲೆ ತುಕ್ಕಿನ ಕಲೆ ಇದ್ದಲ್ಲಿ ಒಂದು ಕ್ಷಣ ಕರೆಂಟು ತಪ್ಪುತ್ತದೆ. ಆ ಕ್ಷಣವೇ ಡಬ್ಬಿಗೆ ಅಪ್ಪಣೆ, ಟಕ್ ಅಂತ ಒಂದು ಹೆಜ್ಜೆ ಇಟ್ಟುಬಿಡುತ್ತದೆ. ಹುಡುಗ ತನ್ನ ರಬ್ಬರಿನಿಂದ ಆ ಜಾಗ ತಿಕ್ಕಿದ, ರೋಲರನ್ನೂ ಒರೆಸಿದ.

ಮೊದಲ ಲೋಡು ಏಳೂವರೆಗೆ ಹೊರಟಿತು, ಬೆಲ್ಲದ ಚೂರು ನಾಲ್ಕು. ದೇವರಮನೆ ಬಾಗಿಲಿಗೆ ಬಂದದ್ದು ಮೂರು. ಒಂದು ಲೋಡು ಮಾಡಿದವನ ಬಾಯಿಗೆ ಹೋಗಿತ್ತು, ಸಾವ್ಕಾರ್ರು ಅದನ್ನು ಸಾಗಾಣಿಕೆ ನಷ್ಟ ಅಂತ ಲೆಕ್ಕ ಬರೆದರು. ಒಂಬತ್ತೂವರೆವರೆಗೆ, ನಡುವೆ ಪೆಟ್ಟಿಗೆ ಆರಲು ಬಿಟ್ಟು, ರೈಲು ಹಿಂದೆ ಮುಂದೆ ಓಡಿತು. ಅಜ್ಜ ಒಮ್ಮೆಯೂ ಕುರ್ಚಿ ಬಿಟ್ಟು ಏಳಬೇಕಾಗಲಿಲ್ಲ.

ಮುಂದಿನ ದೀಪ ಇನ್ನೂ ಉರಿಯುತ್ತಿಲ್ಲ. ಬಲ್ಬು ಸಿಗಬೇಕು. ಅಳತೆಗೆ ಹಳೇದನ್ನೇ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ ಸಾವ್ಕಾರ್ರು ನಮ್ಮ ಜೇಬಿಗಿಟ್ಟಿದ್ದಾರೆ. ದಸರಾ ರಜೆಗೆ ಹುಡುಗ ಮತ್ತೆ ಬರುತ್ತಾನೆ.